ಚಿಕ್ಕತಾಯಮ್ಮನ ಮಂಡಿಚಿಪ್ಪು

ಹೋದ ವಾರ ಚನ್ನಪಟ್ಟಣದ ಮನೆಗೆ ಹೋದಾಗ ಅಬ್ಬಾ ಲೇತಿನ ಮುಂದೆ ಕೂತು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಿದ್ದರು. ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುವಾಗ ಒಂದು ವಾಸನೆ ಬರುತ್ತದೆ. ಅದರಲ್ಲೇ ಹುಟ್ಟಿ ಬೆಳೆದವಳು ನಾನು, ಮಾಮೂಲಿಯಾಗಿ ಅದು ನನ್ನ ಮೂಗಿಗೆ ತಾಗುವುದೇ ಇಲ್ಲ. ಅವತ್ತು ತಾಗಿತು. ಯಾಕೆಂದರೆ ಅಬ್ಬಾನ ಕೈಯಲ್ಲಿ ತಿರುಗುತ್ತಿದ್ದುದು ಗೊಂಬೆಯಲ್ಲ, ನನ್ನ ಎಕ್ಸ್‌ರೇ ಕೋಣೆಗೆಂದು ಮಾಡುತ್ತಿದ್ದ ಮರದ ಉರುಳೆ. ಹಳೆಯದು ಸೀಳು ಬಿಟ್ಟಿದೆ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. ಕೆಂಪು ಬಣ್ಣದ ಮೇಲೆ ಹಳದಿ ಪಟ್ಟಿ ಮೂಡುವುದನ್ನು ನೋಡುತ್ತ ನಿಂತವಳಿಗೆ ಕನಕಪುರದ ಆ ಮಳೆಗಾಲ ನೆನಪಾಯಿತು. ಚಿಕ್ಕತಾಯಮ್ಮ ನೆನಪಾದರು. ಇಷ್ಟು ವರ್ಷವಾದರೂ ಅವರ ಮಂಡಿ ನನಗೆ ಮರೆತಿಲ್ಲ.

ಆ ವರ್ಷ ನಾನು ಓದು ಮುಗಿಸಿ ಹೊಸದಾಗಿ ಕನಕಪುರದ ಒಂದು ಸ್ಕ್ಯಾನ್ ಸೆಂಟರಿಗೆ ಎಕ್ಸ್‌ರೇ ತೆಗೆಯಲು ಸೇರಿದ್ದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೆಳಗೆ ಔಷಧಿ ಅಂಗಡಿ, ಮೇಲೆ ನಾವು. ಮುಂಗಾರು ಆ ಸಲ ಬಿಟ್ಟೂ ಬಿಡದೆ ಹಿಡಿದಿತ್ತು. ಮೆಟ್ಟಿಲೆಲ್ಲ ಕೆಸರು, ಬೆಂಚಿನ ಕೆಳಗೆ ಕೊಡೆಗಳಿಂದ ಇಳಿದ ನೀರು. ಬರುವವರಲ್ಲಿ ಅರ್ಧಕ್ಕರ್ಧ ಮಂಡಿ ನೋವಿನ ಹೆಂಗಸರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಹಸು ಕರೆಯುವವರು, ಕುಕ್ಕರುಗಾಲಲ್ಲೇ ಆಯಸ್ಸು ಕಳೆದವರು. ನನ್ನಂಥ ಪೀಚು ಹುಡುಗಿಯನ್ನು ಅವರೆಲ್ಲ ಮೇಡಂ ಎನ್ನುತ್ತಿದ್ದರು. ಸೀಸದ ಏಪ್ರನ್ ಹಾಕಿಕೊಂಡರೆ ಭುಜ ನೋಯುತ್ತಿತ್ತು, ಆದರೆ ಆ ಮರ್ಯಾದೆಗಾಗಿ ಅದನ್ನು ಊಟದ ಹೊತ್ತಿನಲ್ಲೂ ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ.

ಗುರುವಾರ ರಾಮನಗರದಿಂದ ಮೂಳೆ ಡಾಕ್ಟರು ಬರುತ್ತಿದ್ದರು. ಅವರದೊಂದು ಹಟ. ಮಂಡಿ ಎಂದರೆ ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದು ಕೈತೊಳೆದುಕೊಳ್ಳುವಂತಿಲ್ಲ. ಮಂಡಿಚಿಪ್ಪು ತನ್ನ ಜಾಗದಲ್ಲಿ ಕೂತಿದೆಯೋ ಇಲ್ಲವೋ ನೋಡಬೇಕಾದರೆ ಮೂರನೆಯದೂ ಬೇಕು. ಅದಕ್ಕೆ ರೋಗಿಯನ್ನು ಅಂಗಾತ ಮಲಗಿಸಿ, ಮಂಡಿಯನ್ನು ಸ್ವಲ್ಪವೇ ಮಡಿಸಿ, ಪಾದದ ಕಡೆಯಿಂದ ಕಿರಣ ಬಿಡಬೇಕು. ಆಗ ತೊಡೆಮೂಳೆಯ ತುದಿ ಎರಡು ದಿಬ್ಬವಾಗಿ, ನಡುವೆ ಒಂದು ತೋಡಾಗಿ ಕಾಣುತ್ತದೆ. ರಾಮನಗರದ ಬೆಟ್ಟದ ನೆತ್ತಿಯಲ್ಲಿ ಬಂಡೆ ಕೂತ ಹಾಗೆ ಚಿಪ್ಪು ಆ ತೋಡಿನ ಮೇಲೆ ನೆಟ್ಟಗೆ ಕೂತಿರಬೇಕು.

ಕಷ್ಟವಿದ್ದದ್ದು ಆ ಸ್ವಲ್ಪ ಮಡಿಸುವುದರಲ್ಲಿ. ನಮ್ಮ ಕಡೆಯವರಿಗೆ ಕಾಲು ಮಡಿಸಿ ಎಂದರೆ ಹಿಮ್ಮಡಿ ಕುಂಡೆಗೆ ತಾಗುವಂತೆ ಮಡಿಸಿ ಗೊತ್ತು, ಅರೆಬರೆ ಮಡಿಸಿ ಗೊತ್ತಿಲ್ಲ. ಅರ್ಧಕ್ಕೆ ನಿಲ್ಲಿಸಿ ಎಂದರೆ ನಗುತ್ತಿದ್ದರು. ಮಂಡಿಯ ಕೆಳಗೆ ಇಡಲು ಕೊಟ್ಟಿದ್ದ ಸ್ಪಂಜನ್ನು ಇಲಿ ತಿಂದು ಮುಗಿಸಿತ್ತು, ದಿಂಬು ಇಟ್ಟರೆ ಕುಸಿಯುತ್ತಿತ್ತು. ಅಬ್ಬಾನ ಮುಂದೆ ಗೊಣಗಿದೆ. ಅವರು ಹಾಲೆ ಮರದ ದಿಮ್ಮಿಯೊಂದನ್ನು ಲೇತಿಗೆ ಕೊಟ್ಟು ಗುಂಡಗೆ ಕಡೆದು, ಸುಮ್ಮನಿರಲಾರದೆ ಕೆಂಪು ಅರಗು, ಹಳದಿ ಪಟ್ಟಿ ಎಲ್ಲ ಹಚ್ಚಿ ಕೊಟ್ಟರು. ಅದನ್ನು ಎಕ್ಸ್‌ರೇ ಮೇಜಿನ ಮೇಲೆ ಇಟ್ಟ ದಿನ ಡಾಕ್ಟರು, "ಶಬಾನಾ, ಇದಕ್ಕೆ ಚಕ್ರ ಹಾಕಿಸೋದು ಮರೆತ್ರಾ ನಿಮ್ಮ ತಂದೆ?" ಎಂದು ರೇಗಿಸಿದರು. ಆದರೆ ಅದರ ಮೇಲೆ ಮಂಡಿ ಇಟ್ಟರೆ ಬೇಕಾದಷ್ಟೇ ಮಡಿಸಿ ನಿಲ್ಲುತ್ತಿತ್ತು.

ಅಂಥ ಒಂದು ಗುರುವಾರ ಮಳೆಯಲ್ಲಿ ನೆನೆದುಕೊಂಡು ಸಾತನೂರಿನ ಬಸ್ಸಿನಿಂದ ಇಳಿದು ಬಂದವರು ಅತ್ತೆ ಸೊಸೆ. ಅತ್ತೆ ಚಿಕ್ಕತಾಯಮ್ಮ, ಐವತ್ತು ದಾಟಿದ ಗಟ್ಟಿ ಹೆಂಗಸು. ಸೊಸೆ ಪವಿತ್ರ, ಮಾಗಡಿ ಕಡೆಯ ಹುಡುಗಿ, ಮದುವೆಯಾಗಿ ಎರಡನೇ ವರ್ಷ. ಗಂಡನಿಗೆ ಬಿಡದಿಯ ಕಾರ್ಖಾನೆಯಲ್ಲಿ ಪಾಳಿ, ಅವನು ಬಂದಿರಲಿಲ್ಲ. ಚಿಕ್ಕತಾಯಮ್ಮ ಸೊಸೆಯ ಕಡೆ ನೋಡದೆ ನನ್ನ ಮೇಜಿನ ಮುಂದೆ ಬಂದು ನಿಂತರು.

"ಇವ್ಳ ಕಾಲ್ಗೆ ಏನೂ ಆಗಿಲ್ಲ ಅಂತ ಒಂದು ಪೋಟ ತಗ್ದು ಕೊಡವ್ವ. ಭಾನುವಾರ ಇವ್ರಪ್ಪನ ಮನೆವ್ರು ಬತ್ತಾರೆ. ಊರೋರ ಮುಂದೆ ಮಡಗ್ಬೇಕು."

ಏನಾಗಿದೆ ನೋಡಿ ಎಂದು ಬಂದವರನ್ನು ದಿನಾ ನೋಡುತ್ತಿದ್ದೆ. ಏನೂ ಆಗಿಲ್ಲ ಎಂದು ಫೋಟೊ ಕೇಳಿಕೊಂಡು ಬಂದವರನ್ನು ನೋಡಿದ್ದು ಅದೇ ಮೊದಲು.

ವಿಷಯ ಇಷ್ಟು. ಪವಿತ್ರ ಇದ್ದಕ್ಕಿದ್ದಂತೆ ಬೀಳುತ್ತಾಳೆ. ಸೊಪ್ಪಿನ ಬುಟ್ಟಿ ಹೊತ್ತು ತಿರುಗಿದರೆ ಬೀಳುತ್ತಾಳೆ, ಮೆಟ್ಟಿಲಿಳಿದರೆ ಬೀಳುತ್ತಾಳೆ. ಬಿದ್ದವಳು ಊರು ಕೇಳುವ ಹಾಗೆ ಕಿರುಚುತ್ತಾಳೆ. ಜನ ಓಡಿ ಬಂದು ಕಾಲು ನೀಡಿಸುವಷ್ಟರಲ್ಲಿ ಏನೂ ಇಲ್ಲ, ಕಾಲು ಕಾಲಿನ ಹಾಗೇ ಇರುತ್ತದೆ. ಹಿಂದಿನ ತಿಂಗಳು ರೇಷ್ಮೆ ಹುಳದ ಮನೆಯಲ್ಲೇ ಬಿದ್ದಳಂತೆ. ಕೊನೆಯ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಹುಳ ಗಬಗಬ ಸೊಪ್ಪು ತಿನ್ನುವ ಹೊತ್ತು. ಬಿದ್ದ ಪೆಟ್ಟಿಗೆ ತಟ್ಟೆಗಳ ಸ್ಟ್ಯಾಂಡೇ ಮಗುಚಿ ಅರ್ಧ ಬೆಳೆ ನೆಲದ ಪಾಲಾಗಿತ್ತು.

"ಸೊಪ್ಪು ಕುಯ್ಯೋ ಹೊತ್ಗೇ ಸರ್ಯಾಗಿ ಬೀಳ್ತಾಳೆ ಕಣವ್ವ," ಎಂದರು ಚಿಕ್ಕತಾಯಮ್ಮ. "ಎರಡ್ ಕಡೆ ಪೋಟ ತಗ್ಸಿದ್ದೀವಿ. ಏನೂ ಇಲ್ಲ ಅಂದವ್ರೆ, ಆದ್ರೂ ಊರೋರು ಹೊಸ್ದು ಕೇಳ್ತಾರೆ. ಕೆಲ್ಸ ತಪ್ಸ್ಕಳಕ್ಕೆ ನಾಟ್ಕ. ನಮ್ಮನೆ ಬಾಳು ಬ್ಯಾಡ ಅಂದ್ರೆ ಬಾಯ್ಬುಟ್ಟು ಹೇಳ್ಬೇಕಪ್ಪ, ಹುಳ ಯಾಕೆ ಸಾಯಿಸ್ಬೇಕು?"

ಪವಿತ್ರ ಗೋಡೆ ಹಿಡಿದು ನಿಂತಿದ್ದಳು. ಅವಳು ಹೆಜ್ಜೆ ಇಡುವಾಗ ಕಾಲನ್ನು ಮಡಿಸದೆ ಕೋಲಿನ ಹಾಗೆ ಎಳೆದುಕೊಂಡು ಬಂದದ್ದನ್ನು ನಾನು ಗಮನಿಸಿದ್ದೆ.

ಇಬ್ಬರನ್ನೂ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದೆ. ಅವರು ತಂದಿದ್ದ ಹಳೆಯ ಫಿಲ್ಮುಗಳನ್ನು ಡಾಕ್ಟರು ಬೆಳಕಿಗೆ ಹಿಡಿದರು. ಒಂದರಲ್ಲಿ ಕಾಲು ನೆಟ್ಟಗೆ ನೀಡಿತ್ತು. ಇನ್ನೊಂದರಲ್ಲಿ ಪೂರ್ತಿ ಮಡಿಸಿತ್ತು. ಎರಡರಲ್ಲೂ ಚಿಪ್ಪು ಸರಿಯಾಗಿಯೇ ಇತ್ತು. "ಬೀಳುವಾಗ ಕಾಲು ಎಷ್ಟು ಮಡಿಸಿರ್ತದಮ್ಮ?" ಎಂದು ಕೇಳಿದರು. ಪವಿತ್ರ ಅತ್ತೆಯ ಮುಖ ನೋಡಿ, "ಒಸಿ ಸಾ," ಎಂದಳು. "ಇನ್ನೇನು ಹೆಜ್ಜೆ ಎತ್ಬೇಕು ಅನ್ನೋವಾಗ." ಡಾಕ್ಟರು ನನ್ನ ಕಡೆ ತಿರುಗಿ, ಪೂರ್ತಿ ಮಡಿಸಿದರೆ ಚಿಪ್ಪು ತಾನಾಗಿಯೇ ತೋಡಿಗೆ ಬಂದು ಕೂರಬಹುದು, ಒಳ್ಳೆಯ ಹುಡುಗಿಯ ಹಾಗೆ ಕಾಣಬಹುದು, ಸ್ವಲ್ಪ ಮಡಿಸಿ ಎರಡೂ ಮಂಡಿ ತೆಗೆದುಕೊಂಡು ಬಾ ಎಂದರು.

ಒಳಗೆ ಕರೆದುಕೊಂಡು ಹೋಗುವ ಮುಂಚೆ ಎಲ್ಲ ಹೆಂಗಸರಿಗೂ ಕೇಳುವುದನ್ನು ಕೇಳಿದೆ, ಬಸುರಿಯೇನಾದರೂ ಇದ್ದೀಯಾ ಎಂದು. ಉತ್ತರ ಕೊಟ್ಟವರು ಅತ್ತೆ. "ಅದೊಂದಕ್ಕಾದ್ರೂ ನಾಟ್ಕ ಆಡ್ಲಿಲ್ಲ," ಎಂದರು. ಬೆಂಚಿನ ಮೇಲಿದ್ದವರು ನಕ್ಕರು. ನನಗೆ ಕೆಂಡದಂಥ ಕೋಪ ಬಂತು, ಬಾಗಿಲು ಹಾಕಿಕೊಂಡೆ.

ಮೇಜಿನ ಮೇಲೆ ಮಲಗಿಸಿ ಮಂಡಿಯ ಕೆಳಗೆ ಉರುಳೆ ಇಟ್ಟೆ. ಚಿತ್ರ ಮೂಡುವ ಹಲಗೆಯಂಥ ಕ್ಯಾಸೆಟ್ಟನ್ನು ತೊಡೆಯ ಮೇಲೆ ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದುಕೊಳ್ಳಲು ಹೇಳಿದೆ. ಮಂಡಿ ಓರೆಯಾಗದಂತೆ ಸರಿಪಡಿಸಲು ನಾನು ಬೆರಳು ತಾಗಿಸಿದ್ದೇ ತಡ, ಅವಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡುಬಿಟ್ಟಳು. ಬಳೆ ಚರ್ಮಕ್ಕೆ ಒತ್ತಿತು.

"ಅಕ್ಕ, ಇದ್ರಲ್ಲೂ ಏನೂ ಇಲ್ಲ ಅಂತ ಬಂದ್ರೆ ಭಾನುವಾರ ನನ್ನ ಕಳಿಸ್ಬುಡ್ತಾರೆ. ನಮ್ಮಪ್ಪನೂ ನಂಬಕಿಲ್ಲ. ಪೋಟದಲ್ಲೇ ಇಲ್ವಲ್ಲ ಮಗ ಅಂತದೆ." ಅವಳು ಹಿಡಿತ ಬಿಡಲಿಲ್ಲ. "ಒಂದೊಂದು ಸತಿ ನಾನೇ ನಾಟ್ಕ ಆಡ್ತಿದ್ದೀನೇನೋ ಅನ್ಸ್ಬುಡ್ತದೆ ಅಕ್ಕ."

ಅವಳ ಕೈಯನ್ನು ಮೆಲ್ಲಗೆ ಬಿಡಿಸಿ ಮತ್ತೆ ಕ್ಯಾಸೆಟ್ಟಿಗೆ ಹಿಡಿಸಿ ಚಿತ್ರ ತೆಗೆದೆ. ಚಿತ್ರದಲ್ಲಿ ಏನಿದೆ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ಯಂತ್ರ ಆ ಚಿತ್ರವನ್ನು ಓದಿ ಪರದೆಗೆ ಕೊಡುವವರೆಗೆ ದೇವರೇ ಏನಾದರೂ ಇರಲಿ, ಏನಾದರೂ ಇರಲಿ ಎಂದುಕೊಳ್ಳುತ್ತಿದ್ದೆ. ಒಬ್ಬರ ಮೂಳೆ ಕೆಟ್ಟಿರಲಿ ಎಂದು ಬೇಡಿಕೊಳ್ಳುವ ಗತಿ ಬಂತಲ್ಲ ಎಂದು ನನಗೇ ಗಾಬರಿಯಾಯಿತು.

ಪರದೆಯ ಮೇಲೆ ಚಿತ್ರ ಬಂತು. ಎಡಗಾಲಿನ ಚಿಪ್ಪು ತೋಡಿನ ಮೇಲೆ ಇತ್ತು. ಬಲಗಾಲಿನದು ಇರಲಿಲ್ಲ. ಅದು ಹೊರಗಡೆಯ ದಿಬ್ಬದ ಅಂಚಿಗೆ ಓರೆಯಾಗಿ ಜಾರಿ, ಇನ್ನೇನು ಬೀಳುತ್ತೇನೆ ಎನ್ನುವಂತೆ ನೇತುಕೊಂಡಿತ್ತು. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಮೂಳೆಯ ಚೂರು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಇಷ್ಟು ದಿನ ಈ ಹುಡುಗಿ ಈ ಕಾಲಲ್ಲೇ ಬುಟ್ಟಿ ಹೊತ್ತಿದ್ದಾಳೆ, ಬೈಸಿಕೊಂಡಿದ್ದಾಳೆ.

ಡಾಕ್ಟರು ಚಿಕ್ಕತಾಯಮ್ಮನನ್ನು ಒಳಗೆ ಕರೆಸಿ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಚಿಪ್ಪು ಇರಬೇಕಾದದ್ದು ಇಲ್ಲಿ, ಇರುವುದು ಇಲ್ಲಿ, ಜಾರಿದಾಗಲೆಲ್ಲ ಒಳಗಿನ ನಾರು ಹರಿಯುತ್ತದೆ, ಅದಕ್ಕೇ ಕಿರುಚುತ್ತಾಳೆ ಎಂದು ಬೆರಳಿಟ್ಟು ತೋರಿಸಿದರು. ಈಗ ಈಕೆ ಅಳುತ್ತಾರೆ, ಇಲ್ಲವೇ ಜಗಳ ತೆಗೆಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಚಿಕ್ಕತಾಯಮ್ಮ ಎರಡನ್ನೂ ಮಾಡಲಿಲ್ಲ. ಫಿಲ್ಮನ್ನು ಹತ್ತಿರದಿಂದ ನೋಡಿ ಸಮಾಧಾನವಾದವರಂತೆ ಉಸಿರು ಬಿಟ್ಟರು.

"ಇಷ್ಟೇಯಾ ಸ್ವಾಮಿ? ಚಿಪ್ಪು ಜಾರೋದಾ? ಅದು ಎಲ್ಲಾರ್ಗೂ ಆಯ್ತದಲ್ಲ."

"ಎಲ್ಲಾರ್ಗೂ ಆಗಲ್ಲಮ್ಮ," ಎಂದರು ಡಾಕ್ಟರು.

"ಯಾಕಾಗಲ್ಲ? ನಂಗೆ ದಿನಾ ಆಯ್ತದೆ. ನಾನೇನು ಕಿರುಚ್ತೀನಾ?"

ಹಾಗೆಂದವರೇ ರೋಗಿಗಳ ಸ್ಟೂಲಿನ ಮೇಲೆ ಕೂತು, ಒದ್ದೆ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಕಾಲನ್ನು ಮುಂದಕ್ಕೆ ನೀಡಿ, ನಿಧಾನವಾಗಿ ಮಡಿಸಿದರು. ನಮ್ಮ ಕಣ್ಣೆದುರಿಗೆ ಅವರ ಮಂಡಿಯ ಮುಂಭಾಗ ಚಪ್ಪಟೆಯಾಯಿತು. ಚಿಪ್ಪು ಇಡಿಯಾಗಿ ಚರ್ಮದ ಕೆಳಗೆ ಹೊರಮಗ್ಗುಲಿಗೆ ಜಾರಿ, ಅಲ್ಲೊಂದು ಗಡ್ಡೆಯ ಹಾಗೆ ಎದ್ದು ನಿಂತಿತು. ಕಾಲು ನೀಡುತ್ತ, ಜಾರಿದ ಸೆರಗು ಸರಿಮಾಡಿಕೊಳ್ಳುವಷ್ಟು ಸಲೀಸಾಗಿ ಅಂಗೈಯಿಂದ ಅದನ್ನು ಒತ್ತಿ ಒಳಗೆ ಕೂರಿಸಿದರು. ಇನ್ನೊಂದು ಕಾಲನ್ನೂ ಮಡಿಸಿ ತೋರಿಸಿದರು. ಅದೂ ಹಾಗೇ.

ನನ್ನ ಬಾಯಿಂದ "ಯಾ ಅಲ್ಲಾ" ಎಂಬುದು ಗೊತ್ತಿಲ್ಲದೆ ಬಂತು. ಡಾಕ್ಟರು ಕುರ್ಚಿಯಿಂದ ಎದ್ದು ನಿಂತಿದ್ದರು, ಯಾಕೆ ಎದ್ದರೆಂದು ಅವರಿಗೂ ಗೊತ್ತಿದ್ದಂತಿರಲಿಲ್ಲ. ಬಾಗಿಲ ಬಳಿ ನಿಂತ ಪವಿತ್ರ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಒಂದೇ ಮನೆಯಲ್ಲಿದ್ದೂ ಅತ್ತೆಯ ಮಂಡಿಯನ್ನು ಅವಳು ನೋಡಿದ್ದು ಅವತ್ತೇ. ಗಾಬರಿಯಾಗದೆ ಇದ್ದವರು ಚಿಕ್ಕತಾಯಮ್ಮ ಒಬ್ಬರೇ.

"ಎಷ್ಟು ದಿನದಿಂದ ಹೀಗೆ?" ಡಾಕ್ಟರ ದನಿ ಇಳಿದಿತ್ತು.

"ಮೈನೆರೆಯೋಕೆ ಮುಂಚಿಂದ್ಲೂವೆ. ಒಂದಪ ನಮ್ಮವ್ವನ್ಗೆ ಹೇಳ್ದೆ. ಹೆಣ್ಮಕ್ಳಿಗೆ ಎಲ್ಲಾರ್ಗೂ ಹಂಗೇ ಆಯ್ತದೆ, ಒತ್ಕಂಡು ಎದ್ದೇಳು ಅಂದ್ಲು. ಒತ್ಕಂಡು ಎದ್ದೆ. ಈಗ್ಲೂ ಒತ್ಕತೀನಿ. ಇದ್ನ ಯಾರಾದ್ರೂ ಕಾಯ್ಲೆ ಅಂತಾರಾ?"

ಆಗ ನನಗೆ ಅರ್ಥವಾಯಿತು. ಈಕೆ ಕೆಟ್ಟ ಅತ್ತೆಯಲ್ಲ. ಬದುಕಿಡೀ ಇದನ್ನು ನುಂಗಿಕೊಂಡು ಎದ್ದವರು, ಅದಕ್ಕೇ ಕಿರುಚುವ ಸೊಸೆ ಅವರಿಗೆ ಸುಳ್ಳಿಯಾಗಿ ಕಂಡಿದ್ದಾಳೆ. ಡಾಕ್ಟರು ಬಿಡಿಸಿ ಹೇಳಿದರು. ಎಳೆತನದಿಂದ ಜಾರುತ್ತಿದ್ದುದರಿಂದ ನಿಮ್ಮ ಮೈ ಅದಕ್ಕೆ ಒಗ್ಗಿಕೊಂಡಿದೆ, ಅಷ್ಟು ನೋವಿಲ್ಲ. ಇವಳದು ಗಟ್ಟಿ ಇದ್ದದ್ದು, ಹರಿದು ಜಾರುತ್ತಿದೆ, ಹೊಸ ಗಾಯದ ಮೇಲೆ ಗಾಯ. ಚಿಕ್ಕತಾಯಮ್ಮ ತಲೆಯಾಡಿಸಿದರೇ ಹೊರತು ನಂಬಲಿಲ್ಲ.

ಅವರ ಮಂಡಿಗಳನ್ನೂ ತೆಗೆಯಲು ಡಾಕ್ಟರು ಚೀಟಿ ಬರೆದರು. ಚಿಕ್ಕತಾಯಮ್ಮ ಅದೇ ಉರುಳೆಯ ಮೇಲೆ ಕಾಲಿಟ್ಟು, "ಎಲ್ಲಿ ಕಡ್ಸಿದ್ದವ್ವ, ಮಕ್ಳಾಟದ್ದು ಇದ್ದಂಗೈತೆ," ಎಂದು ಅದರ ಬಣ್ಣ ಸವರಿದರು. ಬಂದ ಚಿತ್ರವನ್ನು ನಾನು ಎರಡೆರಡು ಸಲ ನೋಡಿದೆ. ಎರಡೂ ಕಾಲಿನ ತೋಡು ಖಾಲಿ. ಖಾಲಿ ಎಂದರೆ ತೋಡೇ ಸರಿಯಾಗಿ ಮೂಡಿರಲಿಲ್ಲ, ಬರೀ ಬಯಲು. ಚಿಪ್ಪುಗಳೆರಡೂ ಹೊರಮಗ್ಗುಲಿಗೆ ಬಿದ್ದು, ಒಳಮೈ ಸವೆದು, ಅಂಚಿನಲ್ಲಿ ಮುಳ್ಳು ಮುಳ್ಳಾಗಿ ಮೂಳೆ ಬೆಳೆದಿತ್ತು. ಈ ಕಾಲಲ್ಲಿ ಸಾತನೂರಿನ ಸಂತೆಗೆ ನಡೆದು ಹೋಗುತ್ತೇನೆ ಎಂದು ಆಗಷ್ಟೇ ಹೇಳಿದ್ದರು.

ಮೇಜಿನಿಂದ ಇಳಿದವರು ನನ್ನನ್ನೇ ನೋಡುತ್ತ ನಿಂತರು. "ದಿಟ ಹೇಳು ಮಗ. ನಿಂಗೆ ಹಂಗಾಗಕಿಲ್ವಾ?"

"ಇಲ್ಲಮ್ಮ."

"ಒಸಿ ಮುಟ್ಲಾ?"

ನಾನು ಸ್ಟೂಲಿನ ಮೇಲೆ ಕೂತು ಕಾಲು ಮಡಿಸಿದೆ. ಅವರು ಕೆಳಗೆ ಕೂರದೆ ಬಗ್ಗಿ, ನನ್ನ ಚೂಡಿದಾರದ ಮೇಲೆ ಅಂಗೈ ಇಟ್ಟರು. ಮಡಿಸು ಎಂದರು, ನೀಡು ಎಂದರು, ಮತ್ತೆ ಮಡಿಸು ಎಂದರು. ಇನ್ನೇನು ಜಾರುತ್ತದೆ ಎಂದು ಹೊರಮಗ್ಗುಲಲ್ಲಿ ಕಾದಿದ್ದ ಅವರ ಬೆರಳುಗಳಿಗೆ ಏನೂ ಸಿಗಲಿಲ್ಲ. ಮುಖ ಒಂದು ಥರ ಆಯಿತು. ನೀನು ಚಿಕ್ಕವಳು, ಕೂತು ಕೆಲಸ ಮಾಡುವವಳು, ಅದಕ್ಕೇ ಇರಬೇಕು ಎಂದು ಗೊಣಗಿ, ಬಾಗಿಲು ತೆಗೆದು ಹೊರಗೆ ಹೋದರು.

ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಉಯ್ಯಂಬಳ್ಳಿಯ ಒಬ್ಬ ಮುದುಕಿ ಇದ್ದರು, ಅವರ ಪಕ್ಕ ಮಗುವಿನ ತಾಯಿ, ಆಮೇಲೆ ಬುರ್ಖಾ ಹಾಕಿದ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಹೆಂಗಸು. ಚಿಕ್ಕತಾಯಮ್ಮ ಒಬ್ಬೊಬ್ಬರ ಮುಂದೆಯೂ ನಿಂತು, "ಒಸಿ ಕಾಲು ಮಡ್ಸವ್ವ," ಎಂದು ಮಂಡಿ ಮುಟ್ಟುತ್ತ ಹೋದರು. ಮೊದಲು ಎಲ್ಲರೂ ನಕ್ಕರು. ಮುದುಕಿ, "ನಂದು ಸವ್ದೋಗೈತೆ ಕಣಮ್ಮಿ, ಆದ್ರೆ ಎಲ್ಲೂ ಓಗಿಲ್ಲ," ಎಂದು ತಮಾಷೆ ಮಾಡಿದರು. ಬರಬರುತ್ತ ಯಾರೂ ನಗಲಿಲ್ಲ. ಬೆಂಚಿನ ಕೊನೆಯವರ ಚಿಪ್ಪೂ ಜಾರಲಿಲ್ಲ. ಚಿಕ್ಕತಾಯಮ್ಮ ಒದ್ದೆ ನೆಲದ ಮೇಲೆ ಕಾಲು ನೀಡಿಕೊಂಡು ಕೂತುಬಿಟ್ಟರು.

"ಯಾರ್ಗೂ ಇಲ್ವಲ್ಲ," ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. "ನಮ್ಮವ್ವ ಎಲ್ಲಾರ್ಗೂ ಅಂದಿದ್ಲು."

ಅವರನ್ನು ಎಬ್ಬಿಸಲು ನಾನು ಹೋಗುವಷ್ಟರಲ್ಲಿ ಪವಿತ್ರ ಆ ಕೋಲಿನಂಥ ಕಾಲನ್ನು ಎಳೆದುಕೊಂಡು ಹೋಗಿ ಕೈ ಕೊಟ್ಟಳು. ಇಬ್ಬರ ಮಂಡಿಯೂ ನಂಬುವಂಥದ್ದಲ್ಲ. ಹೇಗೋ ಎದ್ದರು. ಫಿಲ್ಮುಗಳ ಕವರನ್ನು ಸೆರಗಿನೊಳಗೆ ಇಟ್ಟುಕೊಂಡು ಮಳೆಯಲ್ಲೇ ಇಳಿದು ಹೋದರು. ಡಾಕ್ಟರು ರಾಮನಗರಕ್ಕೆ ಬಂದು ಎಂಆರ್‌ಐ ಮಾಡಿಸಲು ಹೇಳಿದ್ದರು. ಬರುತ್ತಾರೋ ಇಲ್ಲವೋ, ಭಾನುವಾರ ಏನಾಗುತ್ತದೋ ಎಂದು ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಅಬ್ಬಾಗೆ ಹೇಳಿದಾಗ ಅವರು ಲೇತು ನಿಲ್ಲಿಸಿ ತಮ್ಮ ಮಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಮಳೆ ಹೋಗಿ ಚಳಿ ಬಂತು. ಬಸ್ ನಿಲ್ದಾಣದಲ್ಲಿ ಅವರೆಕಾಯಿಯ ಗುಡ್ಡೆಗಳು ಬಿದ್ದ ಕಾಲಕ್ಕೆ ಒಂದು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಪವಿತ್ರಳ ಕೈಯಲ್ಲಿ ಒಂದು ಚೀಲ. "ನಮ್ಮೂರ ಅವರೆಕಾಯಿ ಅಕ್ಕ, ಮಾಗಡಿದು. ವಾಸ್ನೆ ನೋಡಿ," ಎಂದು ಮೇಜಿನ ಮೇಲಿಟ್ಟಳು. ಮೆಟ್ಟಿಲನ್ನು ಅವಳು ಕಾಲು ಮಡಿಸಿ ಹತ್ತಿದ್ದಳು. ಆಪರೇಶನ್ ಆಗಿ ತಿಂಗಳುಗಳಾಗಿದ್ದವು, ಈಗ ಮತ್ತೊಂದು ಫೋಟೊ ಬೇಕಿತ್ತು.

ಉರುಳೆಯ ಮೇಲೆ ಕಾಲಿಟ್ಟು ಮಲಗಿದವಳನ್ನು ಆ ಭಾನುವಾರದ ಬಗ್ಗೆ ಕೇಳಿದೆ.

"ಅತ್ತೆ ಕವರಿಂದ ಪೋಟ ಈಚ್ಗೆ ತಗೀಲೇ ಇಲ್ಲ ಕಣಕ್ಕ," ಎಂದಳು. "ನಮ್ಮಪ್ಪ, ಊರಿನ್ ಯಜಮಾನ್ರು ಎಲ್ಲಾ ಜಗುಲಿ ಮೇಲೆ ಕೂತಿದ್ರು. ಏನಾಯ್ತು ಚಿಕ್ಕತಾಯಿ, ಪೋಟದಲ್ಲಿ ಏನ್ ಬಂತು ಅಂದ್ರು. ಅತ್ತೆ ಅವ್ರ ಮುಂದೆ ಕೂತ್ಕಂಡು ಸೀರೆ ಮಂಡಿಗಂಟ ಎತ್ಬುಟ್ರು. ಗಂಡಸ್ರೆಲ್ಲಾ ತಲೆ ಬಗ್ಗುಸ್ಕಂಡ್ರು. ಬಗ್ಗುಸ್ಬ್ಯಾಡಿ, ನೋಡಿ ಅಂತ ಕಾಲು ಮಡ್ಸಿ ತೋರ್ಸುದ್ರು. ಇವ್ಳ್ಗೆ ಆಗಿರೋದೂ ಇದೇಯ, ಇವ್ಳು ಸುಳ್ಳಿ ಆದ್ರೆ ನಾನೂ ಸುಳ್ಳಿ ಅಂದ್ರು. ನಮ್ಮಪ್ಪ ಅತ್ಬುಡ್ತು."

ಕೇಳುತ್ತ ನಾನು ಕಿರಣದ ಗುಂಡಿ ಒತ್ತುವುದನ್ನೇ ಮರೆತಿದ್ದೆ. ಮಗ್ಗುಲು ಮನೆಯವರಿಗೂ ಪಾದದ ಗಂಟು ಕಾಣದಂತೆ ಸೀರೆ ಉಡುವ ಹೆಂಗಸು ಅವರು.

ಫಿಲ್ಮು ಬಂತು. ಬಲಗಾಲಿನ ಚಿಪ್ಪು ತೋಡಿನ ಮೇಲೆ ಕೂತಿತ್ತು. ಖುಷಿಗೆ ಚಿಕ್ಕತಾಯಮ್ಮನನ್ನು ಒಳಗೆ ಕರೆದು ತೋರಿಸಲು ಹೋದೆ. ಅವರು ಫಿಲ್ಮಿನ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲೆ ಕೂತಿದ್ದ ಸೊಸೆಯ ಮುಂದೆ ಬಗ್ಗಿ, ಗಾಯದ ಗೆರೆ ತಪ್ಪಿಸಿ, ಅವಳ ಮಂಡಿಯ ಹೊರಮಗ್ಗುಲಿಗೆ ಅಂಗೈ ಕೊಟ್ಟರು. ಜಾರಿದರೆ ಒತ್ತಲು ಸಿದ್ಧವಾಗಿತ್ತು ಆ ಕೈ.

"ಮಡ್ಸು."

ಪವಿತ್ರ ಮಡಿಸಿದಳು.

"ನೀಡು. ಇನ್ನೊಂದಪ ಮಡ್ಸು."

ಚಿಪ್ಪು ಇದ್ದಲ್ಲೇ ಇತ್ತು. ಚಿಕ್ಕತಾಯಮ್ಮನ ಕೈ ಕಾಯುತ್ತಲೇ ಇತ್ತು. ಅವರ ಕಾಲಿಗೆ ಆ ಆಪರೇಶನ್ನಿನ ವಯಸ್ಸು ದಾಟಿದೆ, ಇನ್ನೇನಿದ್ದರೂ ತೀರಾ ಆಗದಿದ್ದಾಗ ಮಂಡಿಯನ್ನೇ ಬದಲಿಸಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೆ ಅವರು ಒಪ್ಪಿರಲಿಲ್ಲ.

"ಸುಮ್ನೆ ಕೂತೈತಲ್ಲ," ಎಂದರು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ಯಾರೂ ಹಿಡ್ಕಳ್ದೇನೇ ಕೂತೈತೆ ನೋಡವ್ವ. ನಾನು ಇಷ್ಟು ವರ್ಸ ಹಿಡ್ಕಂಡೇ ನಡ್ದೆ."

ಪವಿತ್ರ ಅತ್ತೆಯ ಕೈಯ ಮೇಲೆ ತನ್ನ ಕೈ ಇಟ್ಟಳು. ಮುಂದಿನವರನ್ನು ಕರೆಯಬೇಕಿತ್ತು. ನಾನು ಬಾಗಿಲ ಚಿಲಕ ಹಾಕಿ, ಅವರಾಗಿಯೇ ಕೈ ತೆಗೆಯಲಿ ಎಂದು ನಿಂತುಕೊಂಡೆ.